ಅವ್ವ ಸೈಕಲ್ ಹತ್ತಿದ ದಿನ

ಮುಂಬೈಯ ಪರೇಲಿನ ನಮ್ಮ ಖೋಲಿಯಲ್ಲಿ ಚಾಪೆಯ ಮೇಲೆ ಮಲಗಿ ಕಣ್ಣು ತೆರೆದರೆ ಮೊದಲು ಕಾಣುತ್ತಿದ್ದುದು ಸೈಕಲ್ಲುಗಳು. ಚಾಳಿನ ಮೂರನೆಯ ಮಾಳಿಗೆಯಲ್ಲಿ ಒಂದೇ ಒಂದು ಖೋಲಿ, ಮೂಲೆಯಲ್ಲಿ ನೀರಿನ ಮೋರಿ, ಅದರ ಪಕ್ಕ ಒಲೆ. ನೆಲದಲ್ಲಿ ಜಾಗವಿಲ್ಲದ್ದಕ್ಕೆ ಅಪ್ಪ ತೊಲೆಗಳಿಗೆ ಹಗ್ಗ ಕಟ್ಟಿ ಸೈಕಲ್ಲುಗಳನ್ನು ತೂಗುಹಾಕಿದ್ದ. ಗಾಳಿ ಬಂದರೆ ಚಕ್ರಗಳು ತಾವಾಗಿಯೇ ಮೆಲ್ಲಗೆ ತಿರುಗುತ್ತಿದ್ದವು. ಅವುಗಳ ಕೆಳಗೆ ನಮ್ಮ ಮೂವರ ಸಂಸಾರ, ಮತ್ತು ಅವ್ವನ ಖಾನಾವಳಿ. ಬೆಳಗಾವಿ, ಧಾರವಾಡ ಕಡೆಯಿಂದ ಹೆಂಡತಿ ಮಕ್ಕಳನ್ನು ಬಿಟ್ಟು ಬಂದು ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಹನ್ನೆರಡು ಗಂಡಸರು ಹೊತ್ತು ಹೊತ್ತಿಗೆ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಆರು ಮಂದಿ ಒಳಗೆ, ಆರು ಮಂದಿ ಹೊರಗೆ ಗ್ಯಾಲರಿಯಲ್ಲಿ ಸಾಲಾಗಿ ಕೂರುತ್ತಿದ್ದರು. ಜೋಳದ ರೊಟ್ಟಿ, ಬೇಳೆ, ಯಾವುದಾದರೊಂದು ಪಲ್ಯ, ಶೇಂಗಾ ಚಟ್ನಿ. ಅವ್ವ ರೊಟ್ಟಿ ಬಡಿಯುವ ಸದ್ದು ಕೆಳಗಿನ ಗಲ್ಲಿಯವರೆಗೂ ಕೇಳುತ್ತಿತ್ತು. ಬಲಗೈಯಿಂದ ಬಡಿಯುತ್ತಾ ಎಡಗೈಯಿಂದ ತಿರುಗಿಸುತ್ತಾ ಅವಳು ಒಂದು ರೊಟ್ಟಿಯನ್ನು ಹಂಚಿನಷ್ಟಗಲ ಮಾಡುವಷ್ಟರಲ್ಲಿ ನಾನು ಹತ್ತರವರೆಗೆ ಎಣಿಸಿರುತ್ತಿರಲಿಲ್ಲ. ಆ ಖಾನಾವಳಿ ಅವಳದೇ. ಅಪ್ಪನದಲ್ಲ, ಯಾರದೂ ಅಲ್ಲ. ಊಟಕ್ಕೆ ಬಂದವರು ಅವಳನ್ನು ‘ಅಕ್ಕಾರ’ ಎಂದು ಕರೆಯುವಾಗ ಅವಳ ಬೆನ್ನು ನೆಟ್ಟಗಾಗುತ್ತಿದ್ದುದನ್ನು ನಾನು ನೋಡಿದ್ದೇನೆ.

ಆ ಸೈಕಲ್ಲುಗಳೆಲ್ಲ ಫ್ರಾನ್ಸ್ ದೇಶದವು. ಅಪ್ಪ ಮಿಲ್ಲಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ದಾದರಿನಲ್ಲಿದ್ದ ಸೊರಾಬ್ ಸೇಠ್ ಎಂಬ ವಯಸ್ಸಾದ ಪಾರ್ಸಿಯೊಬ್ಬರ ಮನೆಯ ನೀರಿನ ಪಂಪು ರಿಪೇರಿಗೆಂದು ಒಂದು ಭಾನುವಾರ ಹೋದವನು ಅವರ ಗ್ಯಾರೇಜಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಒಂದು ಸೈಕಲ್ಲನ್ನು ಕಂಡ. ಸೇಠರು ಹರೆಯದಲ್ಲಿ ಓದಿಗೆಂದು ಪ್ಯಾರಿಸ್ಸಿನಲ್ಲಿದ್ದಾಗ ಕೊಂಡು ಹಡಗಿನಲ್ಲಿ ತಂದದ್ದಂತೆ. ಮುಂಬೈಯ ಯಾವ ಸೈಕಲ್ ಅಂಗಡಿಯವನಿಗೂ ಅದು ಬಗ್ಗಿರಲಿಲ್ಲ. ನಮ್ಮ ಸೈಕಲ್ಲುಗಳಲ್ಲಿ ಪೆಡಲಿನ ಅಚ್ಚು ಕೂರುವ ಬಟ್ಟಲು ಬಲಗಡೆಯದಾದರೆ ಎಡಕ್ಕೆ ತಿರುಗಿಸಿದಾಗ ಬಿಗಿಯಾಗುತ್ತದೆ. ಫ್ರೆಂಚರ ಆ ಹಳೆಯ ಸೈಕಲ್ಲುಗಳಲ್ಲಿ ಎರಡೂ ಕಡೆ ಬಲಕ್ಕೇ ತಿರುಗಿಸಬೇಕು. ಅದು ಗೊತ್ತಿಲ್ಲದೆ ಎಷ್ಟೋ ಮಂದಿ ಒತ್ತಾಯದಿಂದ ಬಿಗಿಮಾಡಲು ಹೋಗಿ ತಿರುಪಿನ ಹಲ್ಲು ತಿಂದುಹಾಕಿದ್ದರು. ಅಪ್ಪ ಅದನ್ನು ಮನೆಗೆ ತಂದು, ವಾರಗಟ್ಟಲೆ ಸೀಮೆಎಣ್ಣೆಯಲ್ಲಿ ನೆನೆಸಿ, ಊಟದ ರಜೆಯಲ್ಲಿ ಲೇತಿನ ಮೇಲೆ ಹೊಸ ಬಟ್ಟಲು ತಿರುವಿ, ಅದನ್ನು ಓಡುವಂತೆ ಮಾಡಿಬಿಟ್ಟ. ಸೇಠರು ಅದರ ಮೇಲೆ ಕೂತು ಅಂಗಳದಲ್ಲಿ ಒಂದು ಸುತ್ತು ಹಾಕಿ ಇಳಿದಾಗ ಅವರ ಕಣ್ಣು ಒದ್ದೆಯಾಗಿತ್ತಂತೆ. ಅದು ಅಪ್ಪನ ತಲೆಯಲ್ಲಿ ನಿಂತುಬಿಟ್ಟಿತು. ಆಮೇಲೆ ಎಲ್ಲಿ ಹಳೆ ಕಬ್ಬಿಣದ ರಾಶಿ ಕಂಡರೂ ಅದರಲ್ಲಿ ಆ ದೇಶದ ತೆಳ್ಳನೆಯ ಕೊಳವೆ, ಬಾಗಿದ ಹ್ಯಾಂಡಲ್ಲು ಇದೆಯೇ ಎಂದು ಹುಡುಕುವನು. ಯಾಕೆ ಇವೇ ಬೇಕೆಂದು ನಾನೊಮ್ಮೆ ಕೇಳಿದ್ದೆ.

“ಇವಕ್ಕ ಇಲ್ಲಿ ಯಾರೂ ಇಲ್ಲವ್ವಾ,” ಎಂದಿದ್ದ. “ಬ್ಯಾರೆ ಸೈಕಲ್ಲಾದ್ರ ಯಾವನರೆ ರಿಪೇರಿ ಮಾಡ್ತಾನ. ಇವನ್ನ ನಾ ಬಿಟ್ರ ಯಾರು ಮಾಡಬೇಕು?”

ಅವ್ವನಿಗೆ ಈ ಮಾತು ರುಚಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ಮೇಲಿನ ಚೈನಿನಿಂದ ಎಣ್ಣೆಯ ಹನಿಯೊಂದು ಸೀದಾ ಬಸಪ್ಪ ಕಾಕಾನ ತಾಟಿಗೆ, ಬೇಳೆಯ ನಡುವಿಗೆ ಬಿತ್ತು. ಬಸಪ್ಪ ಕಾಕಾ ಅಪ್ಪನ ಮಿಲ್ಲಿನವನೇ, ನಗೆಗಾರ. ‘ಅಕ್ಕಾರ, ಇವತ್ತ ಒಗ್ಗರಣಿ ಬ್ಯಾರೆ ಆಗೇತ್ರಿ’ ಎಂದು ನಕ್ಕ. ಅವ್ವ ನಗಲಿಲ್ಲ. ತಾಟು ಬದಲಾಯಿಸಿ ಬಡಿಸಿ, ಎಲ್ಲರೂ ಎದ್ದುಹೋದ ಮೇಲೆ ಅಪ್ಪನ ಕಡೆ ತಿರುಗಿದಳು.

“ನಿಮ್ಮ ಸೈಕಲ್ ಎಣ್ಣಿ ಮಂದಿ ತಾಟಿನ್ಯಾಗ ಬೀಳಾಕತ್ತೈತಿ. ನಾಳೆ ಅವರು ಬ್ಯಾರೆ ಖಾನಾವಳಿಗೆ ಹೋದ್ರಂದ್ರ ಏನ ಮಾಡೂಣ? ಈ ಗಾಲಿ ಬೇಯಿಸಿ ತಿನ್ನೂಣೇನು?”

“ಕೆಳಗ ಒಂದು ಅರಿವಿ ಕಟ್ತೀನಿ ಬಿಡು.”

“ಅರಿವಿ ಕಟ್ರಿ. ಆಕಾಶಾನೂ ಕಾಣದಂಗ ಕಟ್ರಿ.”

ಅಪ್ಪ ಮರುದಿನವೇ ಅವ್ವನ ಒಂದು ಹಳೆ ಸೀರೆಯನ್ನು ಸೈಕಲ್ಲುಗಳ ಕೆಳಗೆ ಚಪ್ಪರದ ಹಾಗೆ ಕಟ್ಟಿದ. ಕೇಳದೆ ಸೀರೆ ತೆಗೆದುಕೊಂಡದ್ದಕ್ಕೆ ಮತ್ತೆ ಎರಡು ದಿನ ಜಗಳ. ಆ ಜಗಳಗಳಲ್ಲಿ ನಾನು ಯಾವಾಗಲೂ ಅಪ್ಪನ ಕಡೆಗಿದ್ದೆ. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಅವನ ಪಕ್ಕದಲ್ಲಿ ಹೋಗಿ ಕೂರುತ್ತಿದ್ದೆ. ಅವ್ವ ಅದನ್ನು ಗಮನಿಸುತ್ತಿರಬಹುದು ಎಂದು ಆಗ ನನಗೆ ಹೊಳೆದಿರಲಿಲ್ಲ.

ಅಪ್ಪನ ಕಣ್ಣಿನ ವಿಷಯ ನನಗೆ ತಿಳಿದದ್ದು ಹತ್ತನೆಯ ವಯಸ್ಸಿನಲ್ಲಿ. ಸಂಜೆಯಾದರೆ ಅವನು ಗ್ಯಾಲರಿಯ ನೀರಿನ ಡ್ರಮ್ಮಿಗೆ ಡಿಕ್ಕಿ ಹೊಡೆಯುತ್ತಿದ್ದ. ಅವ್ವ ‘ಲಕ್ಷ್ಯ ಎಲ್ಲಿರ್ತೈತಿ ನಿಮ್ಮದು’ ಎಂದು ಬೈದು ಸುಮ್ಮನಾಗುವಳು. ಒಂದು ಭಾನುವಾರ ಸೇಠರ ಅಂಗಳದಲ್ಲಿ, ಬಿಸಿಲಿನಲ್ಲೇ, ಅವನು ಚಕ್ರದ ಅಚ್ಚು ಬಿಚ್ಚುತ್ತಿದ್ದಾಗ ಉಕ್ಕಿನ ಗುಂಡುಗಳು ಚೆಲ್ಲಾಪಿಲ್ಲಿಯಾದವು. ಕಾಲಿನ ಪಕ್ಕದಲ್ಲೇ ಬಿದ್ದಿದ್ದವನ್ನು ಅವನು ಕೈಯಾಡಿಸಿ ಹುಡುಕತೊಡಗಿದ.

“ಅಪ್ಪಾ, ಅಲ್ಲೇ ಅದಾವಲ್ಲ,” ಎಂದೆ.

ಅವನು ಕೈ ನಿಲ್ಲಿಸಿದ. ಸೇಠರು ಒಳಗೆ ಹೋಗುವವರೆಗೂ ಕಾದು ನನ್ನನ್ನು ಹತ್ತಿರ ಕರೆದ. ಪೈಪಿನೊಳಗಿಂದ ನೋಡಿದ ಹಾಗೆ ಕಾಣುತ್ತದೆ, ಎದುರಿಗಿದ್ದದ್ದು ಕಾಣುತ್ತದೆ, ಬಾಜೂಕಿನದು ಇಲ್ಲ, ವರ್ಷದಿಂದ ವರ್ಷಕ್ಕೆ ಪೈಪು ಸಣ್ಣದಾಗುತ್ತಿದೆ ಎಂದ. ಡಾಕ್ಟರರು ಇದಕ್ಕೆ ಮದ್ದಿಲ್ಲ ಎಂದಿದ್ದರಂತೆ. ಮಿಲ್ಲಿನಲ್ಲಿ ಗೊತ್ತಾದರೆ ಮಶೀನಿನ ಹತ್ತಿರ ನಿಲ್ಲಲು ಬಿಡುವುದಿಲ್ಲ.

“ಅವ್ವಗ ಹೇಳಬ್ಯಾಡ ಗಿರಿಜಾ. ಮಿಲ್ಲಿನ ಮಂದಿ ನಮ್ಮ ಮನ್ಯಾಗ ಉಣ್ಣಾಕ ಬರ್ತಾರ. ಅಕಿ ಮಾರಿ ಮ್ಯಾಲ ಎಲ್ಲಾ ಕಾಣತೈತಿ, ಮುಚ್ಚಿಡಾಕ ಬರಂಗಿಲ್ಲ ಅಕಿಗೆ.”

“ನಾ ಯಾರಿಗೂ ಹೇಳಂಗಿಲ್ಲ,” ಎಂದೆ. ಭಯವಾಗಬೇಕಿತ್ತು. ಆದರೆ ನನಗೆ ಆದದ್ದು ಹೆಮ್ಮೆ. ಇಡೀ ಚಾಳಿನಲ್ಲಿ ಅಪ್ಪ ನನಗೊಬ್ಬಳಿಗೇ ಹೇಳಿದ್ದ.

ಅಂದಿನಿಂದ ನಾನು ಅವನ ಬಾಜೂಕಿನ ಕಣ್ಣಾದೆ. ಅವನ ಕೈ ಹೋಗುವ ಮೊದಲೇ ತಿರುಪು ಬಿಚ್ಚುವ ಪಾನಾ ಆ ಜಾಗದಲ್ಲಿರುವಂತೆ ಜರುಗಿಸಿಡುತ್ತಿದ್ದೆ. ಗ್ಯಾಲರಿಯಲ್ಲಿ ಅವನ ಮುಂದೆ ನಡೆಯುತ್ತಾ ‘ಬಕೆಟ್’, ಮೆಟ್ಟಿಲು ಬಂದರೆ ‘ಪಾವಟಿಗಿ’ ಎಂದು ಹಾಡಿನ ಹಾಗೆ ಹೇಳುತ್ತಿದ್ದೆ. ಚಾಳಿನವರು ಈ ಹುಡುಗಿಗೆ ತನ್ನಷ್ಟಕ್ಕೆ ತಾನೇ ಮಾತಾಡುವ ಚಟ ಎಂದುಕೊಂಡಿದ್ದರು.

ಆ ವರ್ಷ ಸೇಠರು ಮನೆ ಮಾರಿ ಮಗಳ ಹತ್ತಿರ ಹೋಗುವಾಗ ಗ್ಯಾರೇಜಿನ ಹಿಂಬದಿಯಲ್ಲಿ ಹಲಗೆಗಳಡಿ ಮುಚ್ಚಿಟ್ಟಿದ್ದ ಇನ್ನೊಂದು ಸೈಕಲ್ಲನ್ನು ಅಪ್ಪನಿಗೆ ಕೊಟ್ಟರು. ‘ಲೇ ಜಾ ಮಾಸ್ಟರ್, ತೂ ಹೀ ಸಂಭಾಲೇಗಾ’, ತೆಗೆದುಕೊಂಡು ಹೋಗು, ನೀನೇ ಇದನ್ನು ನೋಡಿಕೊಳ್ಳುವವನು ಎಂದರು. ಅದು ಎರಡು ಸೀಟಿನದು. ಮುಂದೊಂದು, ಹಿಂದೊಂದು ಹ್ಯಾಂಡಲ್ಲು, ಎರಡು ಜೊತೆ ಪೆಡಲು. ಹಿಂದಿನ ಹ್ಯಾಂಡಲ್ಲು ಬರೀ ಹಿಡಿದುಕೊಳ್ಳಲಿಕ್ಕೆ, ದಾರಿ ತೋರಿಸುವುದು ಮುಂದಿನವನ ಕೆಲಸ. ಹಿಂದಿನ ಸೀಟಿನ ಮುಂದೆ ಅಡ್ಡಪೈಪು ಇರಲಿಲ್ಲ, ಕೊಳವೆ ಕೆಳಕ್ಕೆ ಇಳಿದಿತ್ತು, ಲಂಗ ತೊಟ್ಟ ಹೆಂಗಸರು ಸರಾಗವಾಗಿ ಹತ್ತಲೆಂದು. ಗಂಡ ಹೆಂಡತಿಗಾಗಿ ಮಾಡಿದ್ದು ಎಂದು ಅಪ್ಪನೇ ನನಗೆ ತೋರಿಸಿದ್ದ. ಅದನ್ನು ಎಬ್ಬಿಸಿ ನಿಲ್ಲಿಸಲು ಅವನಿಗೆ ಎಂಟೊಂಬತ್ತು ತಿಂಗಳು ಹಿಡಿಯಿತು. ಇಲ್ಲಿಯ ಟೈರುಗಳು ಹೊಂದದ್ದಕ್ಕೆ ಹಳೆಯ ಅಚ್ಚುಗಳಿಗೆ ಹೊಸ ರಿಮ್ಮು ಹಾಕಿ, ಕಡ್ಡಿಗಳನ್ನು ಒಂದೊಂದಾಗಿ ಹೆಣೆದ. ಕಡ್ಡಿ ಬಿಗಿಯಾಗಿದೆಯೇ ಎಂದು ಕಣ್ಣಿನಿಂದ ನೋಡುವ ಬದಲು ಬೆರಳಿನಿಂದ ಮೀಟಿ ಸದ್ದು ಕೇಳುತ್ತಿದ್ದ. ಬಣ್ಣ ಹಚ್ಚುವಾಗ ನಾನು ಪಕ್ಕದಲ್ಲಿ ನಿಂತು ಎಲ್ಲಿ ಬಿಟ್ಟುಹೋಗಿದೆ ಎಂದು ಹೇಳುತ್ತಿದ್ದೆ. ಕಡುಹಸಿರು, ಅಂಚಿಗೆ ಕೆನೆಬಣ್ಣದ ಗೆರೆ. ಆ ಗೆರೆ ಎಳೆದವಳು ನಾನೇ.

ಪ್ರತಿ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಅದರ ಮೇಲೆ ಮಾಟುಂಗಕ್ಕೆ ಹೋಗತೊಡಗಿದೆವು. ನನ್ನ ಕಾಲಿಗೆ ಎಟುಕಲೆಂದು ಅಪ್ಪ ಹಿಂದಿನ ಪೆಡಲುಗಳಿಗೆ ಕಟ್ಟಿಗೆಯ ತುಂಡು ಬಿಗಿದಿದ್ದ. ನಾನು ಹಿಂದೆ ಕೂತು ಅವನ ಬೆನ್ನಿನ ಆಚೆಗೆ ಇಣುಕುತ್ತಾ, ‘ಎಡಕ್ಕ ಟ್ಯಾಕ್ಸಿ’, ‘ಬಲಕ್ಕ ಅಜ್ಜಿ’, ‘ಮುಂದ ತೆಗ್ಗು’ ಎಂದು ಹೇಳುತ್ತಾ ಹೋಗುತ್ತಿದ್ದೆ. ಅವನು ನನ್ನ ಮಾತಿನಂತೆ ತಿರುಗುತ್ತಿದ್ದ. ಇಬ್ಬರ ಕಾಲೂ ಒಂದೇ ತಾಳದಲ್ಲಿ ತಿರುಗುತ್ತಿದ್ದವು. ಮಾಟುಂಗದಲ್ಲಿ ದೇವಸ್ಥಾನಕ್ಕೆ ಹೋಗಿ, ಉಡುಪಿಯವರ ಹೋಟೆಲಿನಲ್ಲಿ ಒಂದು ಪ್ಲೇಟ್ ಇಡ್ಲಿ ಹಂಚಿಕೊಂಡು ತಿಂದು, ಕನ್ನಡ ಪೇಪರನ್ನು ನಾನು ಗಟ್ಟಿಯಾಗಿ ಓದಿ ಹೇಳಿ, ಬಿಸಿಲೇರುವ ಮೊದಲು ಮರಳುತ್ತಿದ್ದೆವು. ನನ್ನ ಇಡೀ ಆಯುಷ್ಯದಲ್ಲಿ ಅಷ್ಟು ಸುಖವಾದ ಬೆಳಗುಗಳು ಮತ್ತೆ ಬರಲಿಲ್ಲ. ಅವ್ವ ಆ ಹೊತ್ತಿನಲ್ಲಿ ಹನ್ನೆರಡು ಜನರ ರೊಟ್ಟಿ ಬಡಿಯುತ್ತಾ ಮನೆಯಲ್ಲಿರುತ್ತಿದ್ದಳು. ಎಲ್ಲಿ ಹೋಗಿದ್ದಿರಿ, ಏನು ನೋಡಿದಿರಿ ಎಂದು ಕೇಳಿದರೆ ನಾನು ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ. ಹೆಚ್ಚು ಹೇಳಿದರೆ ಗುಟ್ಟು ಬಯಲಾದೀತೆಂಬ ಅಂಜಿಕೆ.

ಮರುವರ್ಷದ ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಮಿಲ್ಲಿಗೆ ಅರ್ಧ ದಿನ ರಜೆ. ಮಧ್ಯಾಹ್ನದ ಊಟ ಮುಗಿಸಿ ಅವ್ವ ಒಲೆ ಆರಿಸಿದಳು. ಅಪ್ಪ, ಬಸಪ್ಪ ಕಾಕಾ ಸೇರಿ ಎಲ್ಲ ಸೈಕಲ್ಲುಗಳನ್ನೂ ಕೆಳಗಿಳಿಸಿ ಚಾಳಿನ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಅವ್ವ ಮಿಂದು ಹಸಿರು ಇಳಕಲ್ ಸೀರೆ ಉಟ್ಟು, ಹೂ ಮುಡಿದು ಇಳಿದು ಬಂದಳು. ಪ್ರತಿಯೊಂದು ಹ್ಯಾಂಡಲ್ಲಿಗೂ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಆರತಿ ಎತ್ತಿದಳು. ಎರಡು ಸೀಟಿನದಕ್ಕೆ ಬಂದಾಗ ಒಂದು ಗಳಿಗೆ ನಿಂತು ಅದರ ಹಿಂದಿನ ಸೀಟಿನ ಮೇಲೆ ಕೈಯಾಡಿಸಿದಳು. ಪಕ್ಕದ ಖೋಲಿಯ ಶಿಂದೆ ಕಾಕು ಅದನ್ನು ನೋಡಿಬಿಟ್ಟಳು.

“ಅಗ ಬಸ್ ನಾ! ನವರ‍್ಯಾಚೀ ಗಾಡೀ ಆಹೇ!” ಗಂಡನ ಗಾಡಿ, ಕೂತುಕೋ ಎಂದು ಅವ್ವನ ಭುಜ ಹಿಡಿದು ತಳ್ಳಿದಳು. ಗ್ಯಾಲರಿಗಳಲ್ಲಿ ನಿಂತಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಅವ್ವ ನಾಚಿ ಇಲ್ಲ ಇಲ್ಲ ಎನ್ನುತ್ತಲೇ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡಳು. ಅವಳು ಹಾಗೆ ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹದಿನೈದು ವರ್ಷ ಸಣ್ಣವಳಾದಂತೆ ಕಂಡಳು.

“ಏನ್ರಿ, ಕುಂಡ್ರಲ್ಯಾ? ಬೀಳಸಂಗಿಲ್ಲ ಹೌದಲ್ಲೋ?”

ಅಪ್ಪ ನಾನಿದ್ದ ದಿಕ್ಕಿಗೆ ಮುಖ ತಿರುಗಿಸಿದ. ಆ ಮುಖದಲ್ಲಿ ಹೆದರಿಕೆ ಇತ್ತು, ಆಸೆಯೂ ಇತ್ತು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು, ಬಸಪ್ಪ ಕಾಕಾನ ಎದುರಿಗೆ, ಇಡೀ ಚಾಳಿನ ಎದುರಿಗೆ. ‘ಗಲ್ಲಿ ಮುಗಿಯೂ ತನಕಾ, ಅಷ್ಟ,’ ಎಂದ. ನಾನು ಮುಂದೆ ಬಂದೆ.

“ಅಪ್ಪಾ, ನಾನೂ...”

“ನೀ ಇಲ್ಲೇ ನಿಂದ್ರು,” ಎಂದ ಅಪ್ಪ.

ಹಿಂದಿನ ಸೀಟಿನಲ್ಲಿ ಕೂತಿದ್ದ ಅವ್ವ ನನ್ನ ಗಲ್ಲ ಹಿಂಡಿದಳು. “ಹೂಂ ಗಿರಿಜಿ, ಇವತ್ತ ನಂದು ಪಾಳಿ!”

ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಕೊಟ್ಟ ಮಾತು ನೆನಪಾಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ನನ್ನ ಜಾಗದಲ್ಲಿ ಅವಳು ಕೂತಿದ್ದು ನನಗೆ ಸಿಟ್ಟು ಬರಿಸಿತ್ತು. ನಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಆ ಸಿಟ್ಟೂ ಒಂದು ಕಾರಣ.

ಸೈಕಲ್ಲು ಹೊರಟಿತು. ಸ್ವಲ್ಪ ಓಲಾಡಿ ಆಮೇಲೆ ನೆಟ್ಟಗಾಯಿತು. ಚೆಂಡುಹೂವಿನ ಮಾಲೆ ಅಲುಗಾಡುತ್ತಿತ್ತು. ಗಲ್ಲಿಯ ಇಕ್ಕೆಲದವರು ಕೂಗಿ ಹುರಿದುಂಬಿಸುತ್ತಿದ್ದರು, ಅವ್ವ ಒಂದು ಕೈ ಬಿಟ್ಟು ಶಿಂದೆ ಕಾಕುವಿಗೆ ಬೀಸಿದಳು. ನಾನು ಹಿಂದೆ ಓಡುತ್ತಿದ್ದೆ. ಗಲ್ಲಿ ತಿರುಗುವಲ್ಲಿ ಎಡಗಡೆಯ ಓಣಿಯಿಂದ ಪೂಜೆಗೆಂದು ಬಾಳೆಕಂದು ಹೇರಿಕೊಂಡ ಕೈಗಾಡಿಯೊಂದು ಹೊರಬಂತು. ಗಾಡಿಯವನು ಕೂಗಿದ. ನಾನೂ ‘ಎಡಕ್ಕ!’ ಎಂದು ಕೂಗಿದೆ. ಆ ಗದ್ದಲದಲ್ಲಿ ಅಪ್ಪನಿಗೆ ಕೇಳಿಸಲಿಲ್ಲ. ಬ್ರೇಕು ಕೂಡ ಹಿಡಿಯದೆ, ಎದುರಿನ ಖಾಲಿ ರಸ್ತೆಯನ್ನೇ ನೋಡುತ್ತಾ ಅವನು ಗಾಡಿಯ ಮೂಲೆಗೆ ಹೋಗಿ ಹೊಡೆದ. ಅವ್ವ ಬಲಗಡೆಗೆ ಎಗರಿ, ಫುಟ್‌ಪಾತಿನ ಕಲ್ಲಿನ ಮೇಲೆ ಕೈಯೂರಿ ಬಿದ್ದಳು.

ನಾನು ತಲುಪುವಷ್ಟರಲ್ಲಿ ಅಪ್ಪ ಎದ್ದು ಮೊಣಕಾಲಿನ ಮೇಲೆ ಕೂತಿದ್ದ. ಅವ್ವ ಅವನಿಂದ ಒಂದು ಮಾರು ದೂರದಲ್ಲಿ, ಬಲಕ್ಕೆ, ಕೈ ಹಿಡಿದುಕೊಂಡು ಕೂತಿದ್ದಳು. ಅವನು ನೆಲದ ಮೇಲೆ ಎರಡೂ ಕೈಯಾಡಿಸುತ್ತಾ ಎಡಕ್ಕೆ ಹುಡುಕುತ್ತಿದ್ದ.

“ಎಲ್ಲಿದ್ದೀ? ಎಲ್ಲಿದ್ದೀಯ? ಮಾತಾಡ!”

ಅವ್ವ ನೋವನ್ನೂ ಮರೆತು ಅವನನ್ನೇ ನೋಡುತ್ತಿದ್ದಳು. ಸುತ್ತ ನಿಂತವರೆಲ್ಲ ನೋಡುತ್ತಿದ್ದರು. ಬಸಪ್ಪ ಕಾಕಾ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಯಾರೂ ಏನನ್ನೂ ವಿವರಿಸುವ ಅಗತ್ಯವಿರಲಿಲ್ಲ.

ಆಸ್ಪತ್ರೆಯಿಂದ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಅವ್ವ ಗೋಡೆಗೊರಗಿ ಕೂತಿದ್ದಳು. ಅಪ್ಪ ಗ್ಯಾಲರಿಯಲ್ಲಿದ್ದ. ಅವ್ವ ನನ್ನನ್ನು ಕರೆದಳು.

“ನಿನಗ ಗೊತ್ತಿತ್ತೇನು?”

“ಹೂಂ.”

“ಯಾವಾಗಿಂದ?”

“ಹ್ವಾದ ವರ್ಷದಿಂದ.”

ಅವಳು ತಲೆಯಾಡಿಸಿದಳು. ಬೈಯಲಿಲ್ಲ, ಅಳಲಿಲ್ಲ. ‘ಹೋಗು, ಅಪ್ಪಗ ಚಾ ಕೊಡು’ ಎಂದಳು.

ಮೂಳೆ ಕೂಡಿತು. ಆದರೆ ಮಣಿಕಟ್ಟು ಮೊದಲಿನಂತೆ ಬಾಗಲಿಲ್ಲ, ಅಂಗೈಗೆ ಬಲ ಬರಲಿಲ್ಲ. ಚಮಚ ಹಿಡಿಯಬಹುದಾಗಿತ್ತು, ರೊಟ್ಟಿ ಬಡಿಯಲಾಗುತ್ತಿರಲಿಲ್ಲ. ನಾನು ಶಾಲೆಗೆ ಹೋಗುವ ಮೊದಲು ಕೂತು ಬಡಿಯಲು ಕಲಿತೆ. ಅವಳು ಪಕ್ಕದಲ್ಲಿ ಕೂತು ಎಡಗೈಯಿಂದ ತೋರಿಸುತ್ತಿದ್ದಳು. ನನ್ನ ರೊಟ್ಟಿಗಳು ಅಂಚಿನಲ್ಲಿ ಸೀಳುತ್ತಿದ್ದವು, ಎತ್ತುವಾಗ ಹರಿಯುತ್ತಿದ್ದವು. ಊಟದವರು ಮೂರು ವಾರ ಸುಮ್ಮನೆ ತಿಂದರು. ಆಮೇಲೆ ಒಬ್ಬೊಬ್ಬರಾಗಿ ಪಕ್ಕದ ಚಾಳಿನ ಖಾನಾವಳಿಗೆ ಹೋದರು. ಕೊನೆಗೆ ಉಳಿದವನು ಬಸಪ್ಪ ಕಾಕಾ. ಒಂದು ದಿನ ಅವ್ವನೇ ಅವನಿಗೆ, ‘ನೀವೂ ಹೋಗ್ರಿ ಬಸಪ್ಪ, ದುಡಿಯೂ ಮೈ, ಹೊಟ್ಟಿ ತುಂಬ ಉಣ್ಣಬೇಕು’ ಎಂದಳು. ಅವನು ಕಣ್ಣೊರೆಸಿಕೊಂಡು ಮೆಟ್ಟಿಲಿಳಿದ. ಹಿಟ್ಟು ನಾದುವ ದೊಡ್ಡ ಕೊಣಮಿಗೆಯನ್ನು ತೊಳೆದು ಅವ್ವ ಅಟ್ಟದ ಮೇಲೆ ಬೋರಲಾಗಿಟ್ಟಳು. ಅಪ್ಪನನ್ನು ಮಿಲ್ಲಿನವರು ಕೆಲ ದಿನ ಗೇಟಿನ ಹತ್ತಿರ ಕೂರಿಸಿ ಆಮೇಲೆ ಮನೆಗೆ ಕಳಿಸಿದರು.

ಅಪ್ಪನನ್ನು ಅವಳು ಕ್ಷಮಿಸಿದಳು. ಅದು ನನಗೆ ಆಶ್ಚರ್ಯವಾಗಿತ್ತು. ಅವನ ಪೈಪು ಪೂರ್ತಿ ಮುಚ್ಚಿದ ಮೇಲೆ ತನ್ನ ಎಡಗೈಯಿಂದ ಅವನ ಮೊಣಕೈ ಹಿಡಿದು ಮಾಟುಂಗದ ದೇವಸ್ಥಾನಕ್ಕೂ, ಡಾಕ್ಟರರ ಹತ್ತಿರಕ್ಕೂ ಅವಳೇ ಕರೆದುಕೊಂಡು ಹೋಗುತ್ತಿದ್ದಳು. ಬೆರಳಿನಿಂದಲೇ ತಿರುಪಿನ ಹಲ್ಲುಗಳನ್ನು ತಡವಿ ಇದು ಇಂಗ್ಲಿಷರದು, ಇದು ಫ್ರೆಂಚರದು ಎಂದು ಹೇಳುವ ಕುರುಡ ಫಿಟ್ಟರನ ಹತ್ತಿರ ದೂರದೂರದ ಸೈಕಲ್ ಹುಚ್ಚಿನವರು ಬರತೊಡಗಿದಾಗ ಅವರಿಗೆ ಚಹಾ ಮಾಡಿ ಕೊಟ್ಟಳು. ನನ್ನ ಮೇಲೆ ಅವಳು ಎಂದೂ ಕೂಗಾಡಲಿಲ್ಲ. ಉಣಿಸಿದಳು, ಓದಿಸಿದಳು, ಮದುವೆ ಮಾಡಿದಳು. ಆದರೆ ಆ ದಿನದ ನಂತರ ನನ್ನ ಮಾತನ್ನು ನಂಬಿ ಯಾವುದನ್ನೂ ಬಿಡಲಿಲ್ಲ. ಹಾಲು ಉಕ್ಕಿಲ್ಲ ಎಂದರೆ ತಾನೇ ಎದ್ದು ಹೋಗಿ ನೋಡುವಳು. ಬಾಗಿಲು ಹಾಕಿದ್ದೇನೆ ಎಂದರೆ ಕೈಯಿಂದ ಮುಟ್ಟಿ ನೋಡುವಳು. ಒಂದು ಮಾತೂ ಆಡದೆ, ಸಿಟ್ಟಿಲ್ಲದೆ. ನಾನು ಬೆಳೆದದ್ದು ಅದರೊಳಗೆ. ಇಂದಿಗೂ ಯಾರ ಜೊತೆ ನಡೆಯುತ್ತಿದ್ದರೂ ಕಲ್ಲು ಗುಂಡಿಗಳನ್ನು ಹೇಳುತ್ತಾ ಹೋಗುತ್ತೇನೆ. ಗೊತ್ತಿದ್ದ ಸಂಗತಿಯನ್ನು ಹೇಳದೆ ಇಟ್ಟುಕೊಳ್ಳಲು ನನ್ನಿಂದಾಗುವುದಿಲ್ಲ. ಅದರಿಂದ ಗೆಳತಿಯರನ್ನು ಕಳೆದುಕೊಂಡಿದ್ದೇನೆ, ಗಂಡನ ಮನಸ್ಸನ್ನೂ ಬಹಳ ಸಲ ನೋಯಿಸಿದ್ದೇನೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ಪವಾಯಿಯ ನಮ್ಮ ಫ್ಲ್ಯಾಟಿಗೆ ಬಂದಳು. ಸೈಕಲ್ಲುಗಳೂ ಬಂದವು. ಈಗ ಅವನ್ನು ಬಿಚ್ಚುವವಳು, ಕೂಡಿಸುವವಳು ನಾನು. ಭಾನುವಾರ ಬೆಳಿಗ್ಗೆ ಕೆರೆಯ ಸುತ್ತ ಒಂದೊಂದನ್ನು ಓಡಿಸಿಕೊಂಡು ಬರುತ್ತೇನೆ. ಹಳೆಯ ಸೈಕಲ್ಲು ಕೂಡಿಡುವವರು ಎರಡು ಸೀಟಿನದನ್ನು ಎಷ್ಟೋ ಸಲ ಕೇಳಿದ್ದರು. ಕೊಡಬೇಡ ಎಂದು ತಡೆದವಳು ಅವ್ವ. ಯಾಕೆಂದು ಹೇಳಿರಲಿಲ್ಲ. ಅವಳ ಕೊನೆಯ ವರ್ಷ, ಒಂದು ಮಧ್ಯಾಹ್ನ ನಡುಮನೆಯಲ್ಲಿ ಅದರ ಹಿಂದಿನ ಚಕ್ರ ಬಿಚ್ಚಿಕೊಂಡು ಕೂತಿದ್ದೆ. ಅವಳು ದಿವಾನದ ಮೇಲೆ ಮಲಗಿ ನೋಡುತ್ತಿದ್ದಳು. ನನಗೆ ಆಗಲೇ ಅರವತ್ತು ದಾಟಿತ್ತು. ಇನ್ನು ಯಾವಾಗ ಎಂದುಕೊಂಡು ಕೈ ಒರೆಸಿಕೊಂಡೆ.

“ಅವ್ವಾ, ಆ ದಿನ ನಾ ಹೇಳಬೇಕಾಗಿತ್ತು. ನಿನ್ನ ಕೈ ಹ್ವಾದದ್ದು ನನ್ನ ದೆಸಿಯಿಂದ.”

ಅವಳು ಚಕ್ರದಿಂದ ನನ್ನ ಕಡೆ ಕಣ್ಣು ಹೊರಳಿಸಿದಳು.

“ಕೈ ಸಲುವಾಗಿ ಅಂತ ತಿಳಕೊಂಡೀಯೇನು ನೀ, ಇಷ್ಟು ವರ್ಷ?”

“ಮತ್ತ?”

“ಅವರಿಗೆ ಕಣ್ಣು ಕಾಣಂಗಿಲ್ಲ ಅಂತ ನಿನಗ ಗೊತ್ತಿತ್ತು. ನಿನಗ ಗೊತ್ತೈತಿ ಅಂತ ಅವರಿಗೆ ಗೊತ್ತಿತ್ತು. ಇದ್ದದ್ದು ಒಂದ ಖೋಲಿ, ಮೂರ ಮಂದಿ. ಅದರಾಗ ನನ್ನೊಬ್ಬಾಕಿನ್ನ ಹೊರಗ ಇಟ್ರಿ. ನಾ ಹೂವು ಮುಡಕೊಂಡು, ನಕ್ಕೋತ ಹೋಗಿ ಕುಂತೆ. ನೀವಿಬ್ಬರೂ ಮಾರಿ ಮಾರಿ ನೋಡಿಕೋತ ನಿಂತಿದ್ರಿ. ಅವರಿಗರೆ ಕಾಣತಿರಲಿಲ್ಲ. ನಿನಗ ಕಾಣತಿತ್ತಲ್ಲ.”

ಎದ್ದು ಹೋಗಿ ಅವಳ ಕಾಲ ಬಳಿ ಕೂತೆ. ಬಾಗಿದ ಆ ಬಲಗೈಯನ್ನು ಹಿಡಿಯಲು ಹೋದೆ, ಅವಳು ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಕೆಳಗಿನ ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು. ಅವಳ ಕಣ್ಣು ಮುಚ್ಚಿದ್ದವು. ನಿದ್ದೆ ಹೋದಳೆಂದು ನಾನು ಏಳಬೇಕೆನ್ನುವಾಗ, ನನಗೆ ಅಂತಲ್ಲ, ಯಾರಿಗೂ ಅಂತಲ್ಲ ಎಂಬಂತೆ ಹೇಳಿದಳು.

“ಆ ಗಲ್ಲಿ ತಿರುಗೂ ತನಕಾ ಮಾತ್ರ ಭಾಳ ಚಲೋ ಇತ್ತು.”